ಅನುದಾನದಲ್ಲಿ ಬಂದವಳು

ಅಪರಾಧದ ಅಂಕಿಗಳನ್ನು ಗಟ್ಟಿಯಾಗಿ ಓದುವುದು ನನ್ನ ಉದ್ಯೋಗವಾಗಿತ್ತು ಎಂದರೆ ಈಗಿನವರು ನಗುತ್ತಾರೆ. ಮೊನ್ನೆ ಜೆ.ಪಿ. ನಗರದ ಪಾರ್ಕಿನಲ್ಲಿ ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಸಿಕ್ಕಿ, "ಆಂಟಿ, ನಂಗೂ ಸ್ಟ್ಯಾಟಿಸ್ಟಿಕ್ಸಲ್ಲಿ ಪೋಸ್ಟಿಂಗ್ ಆಯ್ತು, ಪೊಲೀಸ್ ಕಡೆ ಹಾಕಿದಾರೆ. ಅಲ್ಲಿ ಏನಿರುತ್ತೆ ಕೆಲ್ಸ?" ಎಂದಳು. "ಅಂಕಿ ಕೂಡೋದು" ಎಂದೆ. "ಅಷ್ಟೇನಾ?" ಎಂದಳು. ಮನೆಗೆ ಬಂದು ಕಾಫಿ ಕುಡಿದ ಮೇಲೂ ಆ 'ಅಷ್ಟೇನಾ' ನನ್ನ ಕಿವಿಯಿಂದ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದು ಸರ್ವೀಸ್ ರಿಜಿಸ್ಟರಿನಲ್ಲಿದೆ, ಅಲ್ಲೂ ಯಾರೂ ಓದುವುದಿಲ್ಲ.

ನಮ್ಮ ಆಫೀಸು ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಒಂದು ಬಾಡಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಸೀರೆಗೆ ಫಾಲ್ ಹೊಲಿಯುವ ಅಂಗಡಿ, ಪಕ್ಕದಲ್ಲಿ ಒಂದು ದರ್ಶಿನಿ. ಮಧ್ಯಾಹ್ನ ಸಾಂಬಾರಿನ ಒಗ್ಗರಣೆ ವಾಸನೆ ಮೇಲೆ ಬಂದಾಗ ನಾವು ಸಾಮಾನ್ಯವಾಗಿ ದರೋಡೆಯ ಪಟ್ಟಿಯಲ್ಲಿರುತ್ತಿದ್ದೆವು. ರಾಜ್ಯದ ಪ್ರತಿಯೊಂದು ಠಾಣೆಯೂ ತನ್ನಲ್ಲಿ ದಾಖಲಾದ ಕೇಸುಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಜಿಲ್ಲೆಗೆ ಕಳಿಸುತ್ತದೆ, ಜಿಲ್ಲೆ ನಮಗೆ ಕಳಿಸುತ್ತದೆ, ನಾವು ಇಡೀ ರಾಜ್ಯದ್ದನ್ನು ಸೇರಿಸಿ ದಿಲ್ಲಿಗೆ ಕಳಿಸುತ್ತೇವೆ. ಎಷ್ಟು ಕೊಲೆ, ಎಷ್ಟು ಕಳವು, ಎಷ್ಟು ಕೇಸು ಕೋರ್ಟಿಗೆ ಹೋದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟು ಜನ ತೀರ್ಪಿಗೆ ಕಾಯುತ್ತಾ ಜೈಲಿನಲ್ಲೇ ಕೂತಿದ್ದಾರೆ, ಎಲ್ಲವೂ ನಮ್ಮ ಕೋಣೆಯ ಮೂಲಕವೇ ಹೋಗಬೇಕು. ಪೊಲೀಸರ ಕಣ್ಣಿಗೆ ನಾವು ಗುಮಾಸ್ತರು. ನಮ್ಮದೇ ಸಂಖ್ಯಾಶಾಸ್ತ್ರ ಇಲಾಖೆಯವರ ಕಣ್ಣಿಗೆ ನಾವು ಪೊಲೀಸರು. ಎರಡು ಕಡೆಯ ದೀಪಾವಳಿ ಸಿಹಿಯೂ ನಮಗೆ ತಪ್ಪುತ್ತಿತ್ತು.

ನಾನು ಸೇರಿದಾಗ ಎಲ್ಲ ಕೈಬರಹ. ಜಿಲ್ಲೆಯಿಂದ ಬಂದ ಪಟ್ಟಿ ಒಬ್ಬರ ಕೈಯಲ್ಲಿ, ನಾವು ಇಳಿಸಿಕೊಂಡ ಪಟ್ಟಿ ಇನ್ನೊಬ್ಬರ ಕೈಯಲ್ಲಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟುಕೊಂಡು 'ಹ್ಞೂಂ' ಅನ್ನಬೇಕು. ಹೀಗೆ ಜೋಡಿ ಜೋಡಿಯಾಗಿ ಇಡೀ ಕೋಣೆ ಓದುತ್ತಿತ್ತು. ಒಬ್ಬೊಬ್ಬರದು ಒಂದೊಂದು ರಾಗ. ಹೊಸಬರು ಯಾರಾದರೂ ಬಾಗಿಲಿಗೆ ಬಂದರೆ ಭಜನೆ ನಡೆಯುತ್ತಿದೆಯೇನೋ ಎಂದು ಚಪ್ಪಲಿ ಬಿಡಲು ಹೋಗುತ್ತಿದ್ದರು. ಕಿವಿಗೆ ಬಿದ್ದ ತಪ್ಪು ಕಣ್ಣಿಗೆ ಬೀಳುವ ತಪ್ಪಿಗಿಂತ ಬೇಗ ಸಿಗುತ್ತದೆ, ಇದನ್ನು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ.

ಆ ಕೋಣೆಗೆ ಒಂದು ಅಲಿಖಿತ ನಿಯಮವಿತ್ತು. ಹೆರಿಗೆ ರಜೆ ಮುಗಿಸಿ ಬಂದ ಹೆಂಗಸಿಗೆ ಒಂದು ವರ್ಷ ಮಕ್ಕಳ ಮೇಲಿನ ಅಪರಾಧಗಳ ಪಟ್ಟಿ ಕೊಡುವಂತಿಲ್ಲ. ಅವಳಿಗೆ ವಾಹನ ಕಳವಿನ ಪಟ್ಟಿ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಯಾವ ಸುತ್ತೋಲೆಯಲ್ಲೂ ಇಲ್ಲ. ಆದರೆ ಎಂಥ ಕಟುಕ ಮೇಲಧಿಕಾರಿ ಬಂದರೂ ಅದನ್ನು ಮುರಿಯಲಿಲ್ಲ. ನನ್ನ ಮಗ ಹುಟ್ಟಿದ ವರ್ಷ ನಾನು ಇಡೀ ರಾಜ್ಯದ ಸ್ಕೂಟರುಗಳನ್ನು ಓದಿದ್ದೇನೆ.

ಅಷ್ಟರಲ್ಲಿ ದಿಲ್ಲಿಯಿಂದ ಅನುದಾನ ಬಂತು. ರಾಜ್ಯಗಳು ಅಪರಾಧ ಮತ್ತು ನ್ಯಾಯದ ಅಂಕಿಅಂಶಗಳನ್ನು ಸುಧಾರಿಸಿಕೊಳ್ಳಲಿ ಎಂದು ಕೇಂದ್ರ ಕೊಡುವ ಹಣ ಅದು. ಕಂಪ್ಯೂಟರಿಗೆ ಒಂದು ಬಾಬ್ತು, ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರುಗಳಿಗೆ ತರಬೇತಿ ಕೊಡಲು ಒಂದು, ಗುತ್ತಿಗೆ ಸಿಬ್ಬಂದಿಗೆ ಒಂದು. ಕೇಳುವುದಕ್ಕೆ ಚೆಂದ. ಆದರೆ ಅದು ಬರುವುದು ಯಾವಾಗಲೂ ತಡ, ಖರ್ಚು ಮಾಡಬೇಕಾದದ್ದು ಮಾರ್ಚಿನೊಳಗೆ. ನಮ್ಮ ಲೆಕ್ಕಪತ್ರ ನೋಡುತ್ತಿದ್ದವರು ನಂಜುಂಡಸ್ವಾಮಿ, ಹಣೆತುಂಬ ವಿಭೂತಿ, ಬಾಯಿತುಂಬ ಗಾದೆ. ದಿಲ್ಲಿ ಮಂಜೂರು ಮಾಡಿದ ಹಣ ನಮ್ಮ ಖಜಾನೆಯಲ್ಲೇ ತಿಂಗಳುಗಟ್ಟಲೆ ಕೂತಾಗ ಅವರು ಫೈಲು ಕಂಕುಳಲ್ಲಿಟ್ಟುಕೊಂಡು, "ದೇವ್ರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ ಮೇಡಂ, ಆ ಪೂಜಾರಿ ಮನೆಗೇ ಹೋಗಿ ಬರ್ತೀನಿ" ಎಂದು ಹೊರಡುತ್ತಿದ್ದರು. ಫೆಬ್ರವರಿ, ಮಾರ್ಚಿನಲ್ಲಿ ಅವರ ವಿಭೂತಿ ಬೆವರಿಗೆ ಅಳಿಸಿಹೋಗಿರುತ್ತಿತ್ತು.

ಗುತ್ತಿಗೆಯ ಬಾಬ್ತಿನಲ್ಲಿ ಬಂದವಳು ಪುಟ್ಟಲಕ್ಷ್ಮಿ. ಉತ್ತರಹಳ್ಳಿಯ ಹುಡುಗಿ, ಲೇಔಟುಗಳು ಬರುವ ಮೊದಲಿನಿಂದಲೂ ಆ ಊರಲ್ಲೇ ಇದ್ದ ಮನೆತನ, ಅಪ್ಪ ಗಾರೆ ಕೆಲಸದವರು. ಬಿ.ಕಾಂ. ಮಾಡಿಕೊಂಡಿದ್ದಳು. ಮೊದಲ ದಿನ ಬಸ್ಸಿನ ನೂಕಿಗೆ ಬಾಡಿದ ಕನಕಾಂಬರ ಮುಡಿದು ಬಂದು ನನ್ನೆದುರು ಕೂತಳು. ಕೊಲೆಯ ಪಟ್ಟಿ ಕೈಗೆ ಕೊಟ್ಟು "ಓದಮ್ಮ" ಎಂದೆ. ಅವಳು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಪಕ್ಕದ ಜೋಡಿಯವರು ಓದು ನಿಲ್ಲಿಸಿ ಕೇಳತೊಡಗಿದರು. ಬಿಂದಿಗೆಗೆ ನೀರು ತುಂಬುವಾಗ ಸದ್ದು ಮೇಲೇರುತ್ತದಲ್ಲ, ಹಾಗೆ ಅವಳ ದನಿ ಪಟ್ಟಿಯ ಮೇಲಿನಿಂದ ಒಟ್ಟು ಮೊತ್ತದವರೆಗೆ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ಎಲ್ಲಿಯೂ ಆತುರವಿಲ್ಲ, ಒಂದು ಅಂಕಿಯನ್ನೂ ನುಂಗುತ್ತಿರಲಿಲ್ಲ. ನನಗೆ ಆವತ್ತೇ ಅವಳು ಬೇಕು ಅನ್ನಿಸಿಬಿಟ್ಟಿತು. ಯಾರಿಗೂ ಬಿಟ್ಟುಕೊಡದೆ ನನ್ನ ಜೋಡಿಯಾಗಿ ಮಾಡಿಕೊಂಡೆ.

ನನಗೆ ಸಿಡುಕು ಹೆಚ್ಚು. ಅವಳು ಅದಕ್ಕೆ ಹೆದರುತ್ತಿರಲಿಲ್ಲ. "ಮೇಡಂ, ನೀವು ಹ್ಞೂಂ ಅನ್ನೋದು ಥೇಟ್ ನಮ್ಮತ್ತೆ ಥರಾನೇ ಇದೆ. ಮನೇಲೂ ಅದೇ, ಇಲ್ಲೂ ಅದೇ" ಎನ್ನುತ್ತಿದ್ದಳು. ನಾನು ಬೇಕೆಂದೇ ಇನ್ನೂ ಗಡುಸಾಗಿ 'ಹ್ಞೂಂ' ಅನ್ನುತ್ತಿದ್ದೆ. ಮಗುವಾದ ಮೇಲೆ ಅವಳು ಬಂದಾಗ, ಪದ್ಧತಿಯಂತೆ ವಾಹನ ಕಳವಿಗೆ ಹಾಕಿದೆ. ಕೆಲವು ತಿಂಗಳಿಗೇ ಗೊಣಗಿದಳು: "ಎಷ್ಟ್ ದಿನ ಅಂತ ಬರೀ ಬೈಕು ಓದ್ಲಿ ಮೇಡಂ? ರಾತ್ರಿ ಮಗೂನ ತೂಗೋವಾಗ್ಲೂ ಬಾಯಲ್ಲಿ ಅದೇ ಬರುತ್ತೆ." ಇಬ್ಬರೂ ಎಷ್ಟು ನಕ್ಕೆವೆಂದರೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಓದಬೇಕಾಯಿತು.

ಕಂಪ್ಯೂಟರುಗಳು ಬಂದ ಮೇಲೆ ನಮ್ಮ ಓದನ್ನು ನಿಲ್ಲಿಸಲಾಯಿತು. ತಂತ್ರಾಂಶ ಮಾಡಿಕೊಟ್ಟವರು ಬಂದು, ತಪ್ಪೆಲ್ಲ ಯಂತ್ರವೇ ಹಿಡಿಯುತ್ತದೆ, ನೀವಿನ್ನು ಗಂಟಲು ಹರಿದುಕೊಳ್ಳಬೇಡಿ ಎಂದು ಹೇಳಿ ಹೋದರು. ಕೋಣೆ ಒಮ್ಮೆಲೇ ತಣ್ಣಗಾಯಿತು. ಕೀಲಿಮಣೆಯ ಟಕಟಕ ಬಿಟ್ಟರೆ ಏನೂ ಇಲ್ಲ. ಪುಟ್ಟಲಕ್ಷ್ಮಿ ಅಂಕಿ ತುಂಬಿಸುವ ಕೆಲಸಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂತಳು.

ಆಮೇಲೆ ಒಂದು ತಿಂಗಳು ಒಂದು ಜಿಲ್ಲೆಯ ಪಟ್ಟಿ ಬರಲೇ ಇಲ್ಲ. ಓದುವ ಕಾಲದಲ್ಲಿ ಆ ಜಿಲ್ಲೆಯ ಹೆಸರು ಬಂದಾಗ 'ಬಂದಿಲ್ಲ' ಎಂದು ಓದುತ್ತಿದ್ದೆವು, ಎದುರಿನವರು 'ಬಂದಿಲ್ಲ' ಎಂದು ಒಪ್ಪುತ್ತಿದ್ದರು. ಯಂತ್ರಕ್ಕೆ ಆ ಮಾತು ಗೊತ್ತಿರಲಿಲ್ಲ. ಖಾಲಿ ಕಂಡ ಕಡೆಗಳಲ್ಲೆಲ್ಲ ಅದು ಸೊನ್ನೆ ತುಂಬಿಬಿಟ್ಟಿತು. ಮೇಲಿನವರ ಸಭೆಯಲ್ಲಿ ತೋರಿಸಿದ ಗ್ರಾಫಿನಲ್ಲಿ ಆ ಜಿಲ್ಲೆಯ ಕಂಬ ನೆಲಕ್ಕೆ ಅಂಟಿಕೊಂಡಿತ್ತು. ಯಾರೋ ದೊಡ್ಡವರು ಅದನ್ನು ತೋರಿಸಿ, ಇಡೀ ತಿಂಗಳು ಒಂದು ಕಳವೂ ಇಲ್ಲ, ಉಳಿದವರು ಇವರನ್ನು ನೋಡಿ ಕಲಿಯಿರಿ ಎಂದರಂತೆ, ಚಪ್ಪಾಳೆಯೂ ಬಿತ್ತಂತೆ. ಸಂಜೆ ಆ ಜಿಲ್ಲೆಯ ಅಧಿಕಾರಿ ನನಗೆ ಫೋನ್ ಮಾಡಿದರು. "ಮೇಡಂ, ನಮ್ ಜಿಲ್ಲೇಲಿ ಕಳ್ರೇ ಇಲ್ವಂತೆ, ಬಹಳ ಸಂತೋಷ. ಹೋದ್ ವಾರ ನಮ್ ಕ್ವಾರ್ಟರ್ಸ್ ಮುಂದೆ ನಿಲ್ಸಿದ್ ಬೈಕ್ ಎಲ್ಲೋಯ್ತು ಅಂತ ಅದೇ ಕಂಪ್ಯೂಟರ್ನ ಕೇಳಿ ಹೇಳ್ತೀರಾ?"

ನಮ್ಮ ಮೇಲಿದ್ದ ಪೊಲೀಸ್ ಅಧಿಕಾರಿಯನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಮಾತು ಕಮ್ಮಿ, ಕೋಪ ಬಂದರೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಆವತ್ತು ಕನ್ನಡಕ ಮೇಜಿನ ಮೇಲೇ ಇತ್ತು. "ನಾಳೆಯಿಂದ ಓದಿ. ಸ್ಕ್ರೀನ್ ಇಟ್ಕೊಂಡೇ ಓದಿ. ಯಾರ್ ನಕ್ರೂ ಪರವಾಗಿಲ್ಲ" ಎಂದರು. ಪುಟ್ಟಲಕ್ಷ್ಮಿ ಗೋಡೆಯ ಕಡೆಯಿಂದ ಕುರ್ಚಿ ಎಳೆದುಕೊಂಡು ಬಂದು ಮತ್ತೆ ನನ್ನೆದುರು ಕೂತಳು. ನನ್ನ ಕೆಲಸದ ಜೀವನದಲ್ಲಿ ಅದಕ್ಕಿಂತ ಸಂತೋಷದ ಬೆಳಿಗ್ಗೆ ಇನ್ನೊಂದಿಲ್ಲ. ಪುನಃ ಓದು ಶುರುವಾಯಿತು, ಈ ಸಲ ನಮ್ಮದು ಒಂದೇ ಜೋಡಿ.

ಈ ಕೆಲಸಕ್ಕೆ ಸೇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಎಣಿಕೆ ಸುಧಾರಿಸಿದರೆ ಅಪರಾಧ ಹೆಚ್ಚುತ್ತದೆ. ಅನುದಾನದಲ್ಲಿ ನಾವು ಠಾಣೆಯ ರೈಟರುಗಳಿಗೆ ತರಬೇತಿ ಕೊಟ್ಟೆವು, ಬಂದ ದೂರನ್ನು ಬರೆದುಕೊಳ್ಳಿ, ಬುದ್ಧಿ ಹೇಳಿ ವಾಪಸ್ ಕಳಿಸಬೇಡಿ ಎಂದು. ಅವರು ಬರೆದುಕೊಂಡರು. ಮರುವರ್ಷ ಹೆಂಗಸರ ದೂರುಗಳ ಕಾಲಂ ಎದ್ದು ನಿಂತಿತು. ಅನುದಾನ ಮುಂದುವರಿಯಬೇಕಾದರೆ ಏನು ಸುಧಾರಣೆಯಾಗಿದೆ ಎಂದು ದಿಲ್ಲಿಗೆ ತೋರಿಸಬೇಕು, ನಮ್ಮ ಹತ್ತಿರ ತೋರಿಸಲು ಇದ್ದದ್ದು ಆ ಏರಿಕೆ ಒಂದೇ. ಅದನ್ನು ತೋರಿಸಿದರೆ ಇಲ್ಲಿ ರಾಜ್ಯದ ಮಾನ ಹೋಯಿತು ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಮುಂದಿನ ಅನುದಾನದ ಪ್ರಸ್ತಾವನೆ ಬರೆಯುವ ಸರದಿ ನನ್ನದಾಗಿತ್ತು. ನಿಜ ಹೇಳಬೇಕೆಂದರೆ ನನಗೆ ರಾಜ್ಯದ ಮಾನದ ಚಿಂತೆಯೂ ಇರಲಿಲ್ಲ, ದೇಶದ ಸುಧಾರಣೆಯ ಚಿಂತೆಯೂ ಇರಲಿಲ್ಲ. ಅನುದಾನ ನಿಂತರೆ ಪುಟ್ಟಲಕ್ಷ್ಮಿ ಹೋಗುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ಸಾಹೇಬರು ಕಡತ ನೋಡಿ ಕನ್ನಡಕ ತೆಗೆದರು.

"ಏನ್ರೀ ಇದು? ದುಡ್ ತಗೊಂಡು ಕ್ರೈಮ್ ಜಾಸ್ತಿ ಮಾಡಿದೀರಾ?"

"ಕ್ರೈಮ್ ಜಾಸ್ತಿ ಆಗಿಲ್ಲ ಸಾರ್. ಬರ್ಕೊಳ್ಳೋದು ಜಾಸ್ತಿ ಆಗಿದೆ."

"ಅದನ್ನ ಅಸೆಂಬ್ಲೀಲಿ ಯಾರ್ ಹೇಳ್ತಾರೆ? ನೀವ್ ಬರ್ತೀರಾ?"

ಪಕ್ಕದ ಕೋಣೆಯಿಂದ ಪುಟ್ಟಲಕ್ಷ್ಮಿ ಯಾರಿಗೋ ಫೋನಿನಲ್ಲಿ ಜಿಲ್ಲೆಗಳ ಹೆಸರು ಹೇಳುತ್ತಿದ್ದದ್ದು ಕೇಳುತ್ತಿತ್ತು. ಸಾಹೇಬರು ಮೆತ್ತಗೆ ಹೇಳಿದರು: "ನಾನು ಮೊದಲ್ನೇ ಸಲ ಹೋದ ಠಾಣೇಲಿ ಕ್ರೈಮೇ ಇರ್ಲಿಲ್ಲ ಗೊತ್ತಾ. ಸಖತ್ ಶಾಂತವಾದ ಊರು ಅಂತ ಪ್ರೈಜ್ ಕೊಟ್ಟಿದ್ರು. ಬಂದ ಹೆಂಗಸ್ರನ್ನೆಲ್ಲ ಬಾಗ್ಲಲ್ಲೇ ಬೈದು ಕಳಿಸ್ತಿದ್ರು, ಅಷ್ಟೇ." ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ, "ನೀವ್ ರೆಡಿ ಇರಿ, ಅಸೆಂಬ್ಲಿಗೆ ಕರೆದ್ರೂ ಕರೀಬಹುದು" ಎಂದರು. ಕರೆಯಲಿಲ್ಲ. ಅಲ್ಲಿ ಬೈಸಿಕೊಂಡವರು ಅವರೇ ಎಂದು ಆಮೇಲೆ ಗೊತ್ತಾಯಿತು. ಅಂಥ ಮೇಲಧಿಕಾರಿ ನಿಮಗೂ ಒಬ್ಬರಾದರೂ ಸಿಗಲಿ.

ಅನುದಾನ ಬಂತು. ಸುದ್ದಿ ತಂದ ನಂಜುಂಡಸ್ವಾಮಿಯವರ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. "ಮೇಡಂ, ಬಂದಿದೆ. ಮಿಷನ್ಗೆ ಕೇಳಿದ್ಕಿಂತ ಜಾಸ್ತೀನೇ ಕೊಟ್ಟಿದಾರೆ. ಜನ್ರಿಗೆ ಕೊಟ್ಟಿಲ್ಲ" ಎಂದರು. ಗುತ್ತಿಗೆ ಸಿಬ್ಬಂದಿಯ ಬಾಬ್ತನ್ನು ದಿಲ್ಲಿ ತೆಗೆದುಹಾಕಿತ್ತು. ಇಷ್ಟು ವರ್ಷದ ಮೇಲೆ ರಾಜ್ಯವೇ ಅವರನ್ನು ಇಟ್ಟುಕೊಳ್ಳಬೇಕು ಎಂಬುದು ದಿಲ್ಲಿಯವರ ವಾದ. ನಾನು ಇಲ್ಲಿನ ಹಣಕಾಸಿನವರ ಹತ್ತಿರ ಓಡಿದೆ. ದಿಲ್ಲಿಯವರು ತಂದ ಜನ, ದಿಲ್ಲಿಯವರೇ ನೋಡಿಕೊಳ್ಳಲಿ ಎಂದರು. ಇನ್ನೊಂದು ಮಹಡಿ ಹತ್ತಿದೆ, ಅಲ್ಲೂ ಅದೇ ಮಾತು. ಅಷ್ಟರಲ್ಲಿ ನಮ್ಮ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಒಳ್ಳೆಯವರೇ, ಆದರೆ ಅವರಿಗೆ ಓದುವುದು ಯಾಕೆ ಎಂಬುದನ್ನೇ ಮೊದಲಿನಿಂದ ಹೇಳಬೇಕಿತ್ತು.

ಮಾರ್ಚಿನ ಕೊನೆಯ ದಿನ ಪುಟ್ಟಲಕ್ಷ್ಮಿ ಮಾವಿನಕಾಯಿ ಚಿತ್ರಾನ್ನ ಮಾಡಿಕೊಂಡು ಬಂದಳು. ಎಲ್ಲರಿಗೂ ಬಡಿಸಿದಳು. ಮಧ್ಯಾಹ್ನದ ಮೇಲೆ ಇಬ್ಬರೂ ಕೂತು ಉಳಿದಿದ್ದ ಜೈಲಿನ ಪಟ್ಟಿ ಓದಿ ಮುಗಿಸಿದೆವು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. "ಮುಂದಿನ್ ವರ್ಷ ಕರೆಸ್ಕೋತೀನಿ, ಬರ್ತೀಯಲ್ಲ?" ಎಂದೆ. "ನೀವ್ ಕರೆದ್ರೆ ಬರ್ದೇ ಇರ್ತೀನಾ ಮೇಡಂ" ಎಂದಳು. ಮೆಟ್ಟಿಲಿಳಿಯುವವರೆಗೆ ನೋಡಿದೆ. ಹಿಂದಿರುಗಿ ನೋಡಲಿಲ್ಲ ಅವಳು, ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಆಮೇಲೆ ನಾನೊಬ್ಬಳೇ ಓದಿದ್ದೂ ಉಂಟು. ಸ್ಕ್ರೀನಿನ ಮುಂದೆ ನಾನೇ ಓದಿ ನಾನೇ 'ಹ್ಞೂಂ' ಅಂದುಕೊಂಡರೆ ಹೊಸ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಪ್ರತಿವರ್ಷದ ಪ್ರಸ್ತಾವನೆಯಲ್ಲೂ ಗಟ್ಟಿಯಾಗಿ ಓದಿ ತಾಳೆ ನೋಡಲು ಒಬ್ಬರು ಬೇಕು ಎಂದು ಬರೆದೆ. ಪ್ರತಿವರ್ಷವೂ ಸಮರ್ಥನೆ ಕೇಳಿದರು, ಪ್ರತಿವರ್ಷವೂ ಕೊಟ್ಟೆ. ಕಳವೇ ಇಲ್ಲದ ಜಿಲ್ಲೆಯ ಕಥೆಯನ್ನು ಎಷ್ಟು ಅಧಿಕಾರಿಗಳಿಗೆ ಹೇಳಿದ್ದೇನೋ. ಎಲ್ಲರೂ ನಕ್ಕರು, ಹುದ್ದೆ ಮಾತ್ರ ಬರಲಿಲ್ಲ. ಈ ನಡುವೆ ಕಾನೂನಿನ ಹೆಸರೇ ಬದಲಾಯಿತು, ಕಲಂಗಳೂ ಬದಲಾದವು. ಮುನ್ನೂರ ಎರಡು ಎಂದರೆ ಕೊಲೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದವಳು ನಾನು, ಪಟ್ಟಿಯ ತಲೆಬರಹಗಳನ್ನು ಹೊಸದಾಗಿ ಬಾಯಿಪಾಠ ಮಾಡಿದೆ. ಪುಟ್ಟಲಕ್ಷ್ಮಿ ಇದ್ದಿದ್ದರೆ ಈ ಹೊಸ ಸಂಖ್ಯೆಗಳನ್ನು ಹೇಗೆ ಓದುತ್ತಿದ್ದಳು ಎಂದು ಅನ್ನಿಸದ ದಿನವಿರಲಿಲ್ಲ.

ನನ್ನ ನಿವೃತ್ತಿ ಹತ್ತಿರ ಬಂದಾಗ, ಯಾರಿಗೆ ಏನನ್ನಿಸಿತೋ, ಆ ಒಂದು ಗುತ್ತಿಗೆ ಹುದ್ದೆ ಮಂಜೂರಾಗಿ ಬಂತು. ನಂಜುಂಡಸ್ವಾಮಿ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಅವರಿಗೆ ಫೋನ್ ಮಾಡಿ ಹೇಳಿದರೆ, "ಪೂಜಾರಿಗೂ ಮನಸ್ ಬಂತಾ ಮೇಡಂ!" ಎಂದು ಕೂಗಿದರು. ಪುಟ್ಟಲಕ್ಷ್ಮಿ ಬನಶಂಕರಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ ಎಂದು ಯುಗಾದಿಗೆ ಶುಭಾಶಯ ಹೇಳಲು ಫೋನ್ ಮಾಡಿದಾಗ ಅವಳೇ ತಿಳಿಸಿದ್ದಳು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಇದು ಎಂದುಕೊಂಡು ಶನಿವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಯೋಚಿಸುತ್ತಾ, ಮದುವೆಗೆ ಹೆಣ್ಣು ಕೇಳಲು ಹೊರಟವರ ಹಾಗೆ ಒಬ್ಬಳೇ ನಗುತ್ತಿದ್ದೆ.

ಅವಳು ಹೆಸರು ನೋಂದಾಯಿಸುವ ಕೌಂಟರಿನಲ್ಲಿದ್ದಳು. ಅಂಚಿನಲ್ಲಿ ನೀಲಿ ಪಟ್ಟಿಯಿರುವ ಸಮವಸ್ತ್ರದ ಸೀರೆ, ಎದೆಯ ಮೇಲೆ ಹೆಸರಿನ ಬಿಲ್ಲೆ. ಎದುರಿಗೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಅಜ್ಜನೊಬ್ಬನಿಗೆ ಅವನ ಔಷಧದ ಚೀಟಿಯನ್ನು ನಿಧಾನವಾಗಿ ಓದಿ ಹೇಳುತ್ತಿದ್ದಳು. ನನ್ನನ್ನು ನೋಡಿದವಳೇ ಕೌಂಟರು ಸುತ್ತಿ ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಮೇಡಂ! ಕಣ್ಗೇನಾಯ್ತು? ಬನ್ನಿ, ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ."

"ಕಣ್ ಚೆನ್ನಾಗಿದೆ ಕಣೆ."

ಕ್ಯಾಂಟೀನಿನಲ್ಲಿ ಕೂರಿಸಿ ಕಾಫಿ ಕೊಡಿಸಿದಳು. ಮಗಳು ಹೈಸ್ಕೂಲಿಗೆ ಬಂದಳಂತೆ. ನಾನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವಳೇ ಹೇಳಿದಳು: "ಮೇಡಂ, ಮೊದ್ಲು ನಿಮ್ಗೇ ಹೇಳ್ಬೇಕು ಅನ್ಕೊಂಡಿದ್ದೆ. ಹೋದ್ ತಿಂಗ್ಳು ನನ್ನ ಪರ್ಮನೆಂಟ್ ಮಾಡಿದ್ರು. ಪಿ.ಎಫ್. ಬೇರೆ. ಇನ್ಮೇಲೆ ಮಾರ್ಚ್ ಬಂದ್ರೆ ಬೇರೆ ಕೆಲ್ಸ ಹುಡುಕ್ಬೇಕಾಗಿಲ್ಲ." ಅಷ್ಟು ಬೆಳಗಿದ ಅವಳ ಮುಖವನ್ನು ನಾನು ನಮ್ಮ ಕೋಣೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ನಾನು ತಂದಿದ್ದ ಹುದ್ದೆ ಮತ್ತದೇ ಗುತ್ತಿಗೆಯದು, ಮತ್ತದೇ ಮಾರ್ಚಿನದು. ಮಾತನ್ನು ನುಂಗಿ ಕಾಫಿ ಕುಡಿದೆ. "ಬಹಳ ಒಳ್ಳೇದಾಯ್ತು" ಎಂದೆ. ಒಳ್ಳೆಯದೇ ಆಗಿತ್ತು. ಆದರೂ ನನಗೆ ಅವಳು ಬೇಕಾಗಿತ್ತು.

"ಮತ್ತೆ ಏನ್ ಮೇಡಂ, ಇಲ್ಲೀವರ್ಗೂ ಬಂದ್ರಿ?"

"ಏನಿಲ್ಲ, ಸುಮ್ನೆ ಈ ಕಡೆ ಬಂದಿದ್ದೆ."

ಬಸ್ ಸ್ಟಾಪಿನವರೆಗೂ ಬಂದಳು. ಆಫೀಸಿನ ಒಬ್ಬೊಬ್ಬರನ್ನೇ ವಿಚಾರಿಸಿದಳು. ಕೊನೆಗೆ, ಕೇಳಲೋ ಬೇಡವೋ ಎನ್ನುವ ಹಾಗೆ, "ನನ್ ಜಾಗ್ದಲ್ಲಿ ಈಗ ಯಾರ್ ಕೂರ್ತಾರೆ ಮೇಡಂ?" ಎಂದಳು.

"ಯಾರೂ ಇಲ್ಲ" ಎಂದೆ. "ಪೋಸ್ಟ್ ಬಂದಿದೆ. ಇನ್ನೂ ಯಾರನ್ನೂ ತಗೊಂಡಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಬಂದದ್ದು ಯಾಕೆ ಎಂದು ಆಗ ಅವಳಿಗೆ ತಿಳಿಯಿತು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಬಸ್ಸಿನ ಕಡೆ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾ ಹೇಳಿದಳು: "ಬೇಗ ಯಾರನ್ನಾದ್ರೂ ಕೂರ್ಸಿ ಮೇಡಂ. ಖಾಲಿ ಬಿಟ್ರೆ ವಾಪಸ್ ತಗೊಂಡ್ಬಿಡ್ತಾರೆ."

ಸೋಮವಾರವೇ ಬೇರೊಬ್ಬ ಹುಡುಗಿಯನ್ನು ತೆಗೆದುಕೊಂಡೆ. ಪುಟ್ಟಲಕ್ಷ್ಮಿ ಹೇಳಿದಳೆಂದು ತೆಗೆದುಕೊಂಡೆ. ಅವಳು ಹೇಳದೆ ಹೋಗಿದ್ದರೆ, ಹುದ್ದೆ ವಾಪಸ್ ಹೋಗುವ ದಿನದವರೆಗೂ ನಾನು ಆ ಜಾಗವನ್ನು ಖಾಲಿ ಇಟ್ಟುಕೊಂಡೇ ಕೂತಿರುತ್ತಿದ್ದೆ.